ಗರಗಸದ ಸದ್ದು ನಿಂತಾಗ

ಡಾಕ್ಟರು ಬೇಡ ಎಂದ ಸಂಗತಿಗಳು ಬಹಳ ಇದ್ದವು. ಆ ದಿನ ನನ್ನ ತಲೆಯೊಳಗೆ ಹೋದದ್ದು ಮೂರೇ. ಸ್ಕೂಟರ್ ಓಡಿಸಬಾರದು. ಕರೆಂಟಿನ ಗರಗಸ ಮುಟ್ಟಬಾರದು. ಬಚ್ಚಲಿಗೆ ಹೋದರೆ ಒಳಗಿನಿಂದ ಚಿಲಕ ಹಾಕಬಾರದು.

ಮೊದಲ ಎರಡಕ್ಕೆ ತಲೆಯಾಡಿಸಿದೆ. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಐವತ್ತು ದಾಟಿದ ಗಂಡಸು, ಕಾಲೇಜಿನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಬಚ್ಚಲಿನ ಚಿಲಕಕ್ಕಾಗಿ ಅಳುತ್ತಾನಾ ಎಂದು ನಿಮಗೆ ಅನಿಸಬಹುದು. ಈ ಕಾಯಿಲೆ ಇರುವವರಿಗೆ ಹಾಗೆ ಅನಿಸುವುದಿಲ್ಲ. ಅಂಥವರು ಯಾರಾದರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರು ಅಪಸ್ಮಾರ. ನಮ್ಮಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಫಿಟ್ಸ್ ಎನ್ನುತ್ತಾರೆ, ಅದನ್ನೂ ದನಿ ತಗ್ಗಿಸಿ.

ನಮ್ಮ ಮನೆ ವಾಮಂಜೂರಿನಲ್ಲಿ. ಅಪ್ಪ ಮರದ ಡಿಪೋದಲ್ಲಿ ದೊಡ್ಡ ಗರಗಸ ಎಳೆಯುತ್ತಿದ್ದರು. ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ ನಿಂತು ಎಳೆಯುವ ಗರಗಸ ಅದು. ಹೊಟ್ಟು ಪೂರಾ ಕೆಳಗಿನವನ ಕಣ್ಣಿಗೆ. ಅಪ್ಪ ಯಾವಾಗಲೂ ಕೆಳಗಿನವರೇ. ಅಮ್ಮ ಬೀಡಿ ಕಟ್ಟುತ್ತಿದ್ದರು. ಅವರಿಬ್ಬರ ಕೈಗಳು ಸೇರಿ ನನ್ನನ್ನು ಬಿ.ಕಾಂ. ಓದಿಸಿದವು. ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ ನನಗಿಂತ ಮೊದಲು ಡಿಗ್ರಿ ಮುಗಿಸಿದವರಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮರಗೆಲಸದ ಹುಚ್ಚು ಹಿಡಿದದ್ದು ನಲವತ್ತರ ನಂತರ. ಹಿತ್ತಿಲಲ್ಲಿ ತಗಡಿನ ಶೆಡ್ಡು ಕಟ್ಟಿಸಿ ಮೇಜಿನ ಗರಗಸ, ಹಲಗೆ ನುಣುಪು ಮಾಡುವ ಪ್ಲೇನರ್, ಕೆತ್ತುವ ರೂಟರ್ ಒಂದೊಂದಾಗಿ ತಂದೆ. ಎಲ್ಲ ಕರೆಂಟಿನವು. ಕೈಯ ಉಪಕರಣ ಬೇಕೆಂದೇ ತರಲಿಲ್ಲ. ಇದ್ದದ್ದು ಒಂದು ಉಳಿ ಮಾತ್ರ. ಅಪ್ಪ ಬೆವರು ಸುರಿಸಿ ಮಾಡುತ್ತಿದ್ದುದನ್ನು ನಾನು ಇಸ್ತ್ರಿಯಂಗಿ ಹಾಕಿಕೊಂಡು ಸ್ವಿಚ್ಚು ಒತ್ತಿ ಮಾಡುತ್ತೇನೆ ಎಂಬುದರಲ್ಲಿ ನನಗೊಂದು ಸುಖವಿತ್ತು. ಕೈಯಿಂದ ಮಾಡಿದರೆ ಅದು ಕೂಲಿ, ಮೆಷಿನ್ನಿನಿಂದ ಮಾಡಿದರೆ ಹವ್ಯಾಸ. ರೂಟರಿನಲ್ಲಿ ನಾನು ಮೊದಲು ಕೆತ್ತಿದ್ದು ಗೇಟಿನ ಫಲಕ: ಸದಾನಂದ, ಬಿ.ಕಾಂ.

“ಪೋಸ್ಟ್‌ಮ್ಯಾನಿಗೆ ಬಿ.ಕಾಂ. ಎಂತಕ್ಕೆ ಮಾರಾಯ? ಹೆಸರು ಸಾಲದಾ?” ಎಂದು ಹಮೀದಾಕ ನಕ್ಕಿದ್ದರು. ಹಮೀದಾಕ ಪಕ್ಕದ ಮನೆಯವರು. ಅರಬ್ ದೇಶದ ದಮ್ಮಾಮಿನಲ್ಲಿ ಬಹಳ ವರ್ಷ ಇದ್ದು ಬಂದು ಈಗ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾರೆ. ನಮಗೂ ಅವರಿಗೂ ನಡುವೆ ಇರುವುದು ಎದೆಯೆತ್ತರದ ಕಾಂಪೌಂಡು ಮಾತ್ರ.

ಮೊದಲ ಸಲ ಬಿದ್ದದ್ದು ಆ ಶೆಡ್ಡಿನಲ್ಲೇ. ಒಂದು ಸಂಜೆ ಮೇಜಿನ ಗರಗಸ ಓಡುತ್ತಿತ್ತು. ಹಲಗೆ ತೆಗೆದುಕೊಳ್ಳಲು ಎರಡು ಹೆಜ್ಜೆ ಹಿಂದೆ ಬಂದದ್ದು ನೆನಪಿದೆ. ಅದರ ನಂತರದ್ದು ಬೇರೆಯವರು ಹೇಳಿದ್ದು. ಗರಗಸ ಅದೇ ಸ್ವರದಲ್ಲಿ ಓಡುತ್ತಲೇ ಇತ್ತಂತೆ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಜಲಜ, ಇವತ್ತು ಇವರಿಗೆ ಭಾರೀ ಕೆಲಸ ಉಂಟು ಎಂದುಕೊಂಡು ಪಾತ್ರೆ ತಿಕ್ಕುತ್ತಿದ್ದಳಂತೆ. ಏಣಿ ವಾಪಸು ಕೊಡಲು ಬಂದ ಹಮೀದಾಕ ನೋಡಿದ್ದು ನೆಲದ ಮೇಲೆ ಬಿದ್ದು ಅದುರುತ್ತಿದ್ದ ನನ್ನನ್ನು. ಕೂಗಿದರೆ ಗರಗಸದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಸ್ವಿಚ್ಚು ಆರಿಸಿ ಮತ್ತೆ ಕೂಗಿದ ಮೇಲೆಯೇ ಜಲಜ ಓಡಿ ಬಂದದ್ದು.

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸಬೇಕು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಿಂದೂಗಳಿಗೂ ಬ್ಯಾರಿಗಳಿಗೂ ಕ್ರಿಶ್ಚಿಯನ್ನರಿಗೂ. ಬೀಗದ ಕೈ ಆದರೂ ಸರಿ, ಕತ್ತಿಯ ಹಿಡಿ ಆದರೂ ಸರಿ. ಹಮೀದಾಕ ಜೇಬು ತಡಕಿದರು, ಬೀಗದ ಕೈ ಇರಲಿಲ್ಲ. ಮೇಜಿನ ಮೇಲೆ ಕಂಡ ಕಬ್ಬಿಣ ಒಂದೇ, ನನ್ನ ಉಳಿ. ಅದನ್ನು ನನ್ನ ಬಲಗೈಗೆ ಒತ್ತಿ ಬೆರಳು ಮಡಚಿ ಗಟ್ಟಿಯಾಗಿ ಹಿಡಿದುಕೊಂಡರು. ಹಿಡಿಯ ಕಡೆ ಅಲ್ಲ, ಅಲಗಿನ ಕಡೆ. ಅದುರುವ ಮುಷ್ಟಿಗೆ ಅದರ ಬಲ ಗೊತ್ತಿರುವುದಿಲ್ಲ.

ಹೀಗೆ ಫಳ್ನೀರಿನ ಆಸ್ಪತ್ರೆಗೆ ಹೋದಾಗ ಎಲ್ಲರಿಗೂ ಕಂಡದ್ದು ರಕ್ತ.

“ಮೆಷಿನ್ನಾ?” ಎಂದು ನರ್ಸ್ ಕೇಳಿದಳಂತೆ.

“ಹೌದು, ಮೆಷಿನ್,” ಎಂದಳು ಜಲಜ.

ಅಲ್ಲಿಂದ ಅದು ಮೆಷಿನ್ನಿನ ಅಪಘಾತವೇ ಆಯಿತು. ಅಂಗೈಯ ನರ ಜೋಡಿಸಿದರು, ಹೊಲಿಗೆ ಹಾಕಿದರು. ರಕ್ತ ನೋಡಿ ತಲೆ ತಿರುಗಿರಬೇಕು ಎಂದರು. ನೋಡಲು ಬಂದ ನೆಂಟರಿಗೆ ಈ ಕಥೆ ಬಹಳ ಹಿಡಿಸಿತು. ಒಬ್ಬೊಬ್ಬರೂ ತಮಗೆ ಗೊತ್ತಿರುವ, ಬೆರಳು ಹೋದ ಒಬ್ಬೊಬ್ಬರ ಕಥೆ ಹೇಳಿ, ಬಾಳೆಹಣ್ಣು ಇಟ್ಟು ಹೋದರು.

ಹಮೀದಾಕ ಬಂದವರು ಮಂಚದ ಹತ್ತಿರ ನಿಂತು ನನ್ನ ಬ್ಯಾಂಡೇಜನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: “ಅದು ಕೊಟ್ಟದ್ದು ನಾನು ಮಾರಾಯ. ಕಬ್ಬಿಣ ಹಿಡಿಸ್ಬೇಕು ಅಂತ ನಮ್ಮ ಉಮ್ಮ ಹೇಳ್ತಾ ಇದ್ರು. ಕೈಗೆ ಸಿಕ್ಕಿದ್ದು ಅದು.”

“ಕಬ್ಬಿಣ ಎಂತಕ್ಕೆ?” ಎಂದೆ. ನನಗೆ ನಿಜವಾಗಿ ಗೊತ್ತಿರಲಿಲ್ಲ.

ಅವರು ಜಲಜಳ ಮುಖ ನೋಡಿದರು. ಜಲಜ ಬಾಗಿಲು ಮುಂದೆ ಮಾಡಿ ಬಂದು ಕೂತಳು. ಬಿದ್ದದ್ದು, ಅದುರಿದ್ದು, ಬಾಯಲ್ಲಿ ನೊರೆ ಬಂದದ್ದು ಎಲ್ಲ ಹೇಳಿದಳು. ಕೊನೆಗೆ ಹೇಳಿದಳು: “ಮೆಷಿನ್ ಅಂತ ಹೇಳಿ ಆಗಿದೆ. ಮೆಷಿನ್ನೇ ಇರಲಿ. ಕಾಲೇಜಿನಲ್ಲಿ ಗೊತ್ತಾದ್ರೆ ನಾಳೆಯಿಂದ ನಿಮ್ಮನ್ನು ಮೂಲೆಗೆ ಕೂರಿಸ್ತಾರೆ.”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪಘಾತ ಆದವನಿಗೆ ಜನ ಹಣ್ಣು ತರುತ್ತಾರೆ. ಫಿಟ್ಸ್ ಬಂದವನ ಮನೆಗೆ ಸಲಹೆ ತರುತ್ತಾರೆ. ಒಂದೇ ಸಲ ಬಂದದ್ದು, ಇನ್ನು ಬರಲಿಕ್ಕಿಲ್ಲ ಎಂದುಕೊಂಡೆವು ಮೂವರೂ.

ಬಂತು. ಬ್ಯಾಂಡೇಜು ಬಿಚ್ಚಿ ಕೆಲವು ವಾರ ಆಗಿತ್ತು. ಬೆಳಿಗ್ಗೆ ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡಿದ್ದೆ. ತಂಬಿಗೆ ಬಿದ್ದ ಸದ್ದು ಜಲಜಳಿಗೆ ಕೇಳಿತು. ಕರೆದರೆ ಉತ್ತರ ಇಲ್ಲ. ಅವಳ ಕೂಗಿಗೆ ಹಮೀದಾಕ ಕಾಂಪೌಂಡು ಹಾರಿ ಹಾರೆಕೋಲು ತಂದು ಬಾಗಿಲು ಮೀಟಿದರು. ಚಿಲಕ ಕಿತ್ತು ಬಂತು, ಚೌಕಟ್ಟಿನ ಒಂದು ಸೀಳೂ ಬಂತು. ಒಳಗೆ ನಾನು ಮೈಮೇಲೆ ಒಂದು ಎಳೆ ಬಟ್ಟೆ ಇಲ್ಲದೆ ಬಿದ್ದಿದ್ದೆ. ಹಮೀದಾಕ ಹೆಗಲ ಮೇಲಿನ ಶಾಲು ತೆಗೆದು, ಮುಖವನ್ನು ಗೋಡೆಯ ಕಡೆ ತಿರುಗಿಸಿ ನನ್ನ ಮೇಲೆ ಹೊದಿಸಿದರಂತೆ. ಅವರ ಕೈಯಲ್ಲಿ ಆಗ ಗಟ್ಟಿ ಕಬ್ಬಿಣದ ಹಾರೆಕೋಲೇ ಇತ್ತು. ಅದನ್ನು ಹಿತ್ತಿಲಿಗೆ ದೂರ ಎಸೆದುಬಿಟ್ಟರು ಎಂದು ಜಲಜ ಈಗಲೂ ಹೇಳುತ್ತಾಳೆ.

ಇನ್ನು ಮೆಷಿನ್ನಿನ ಹೆಸರು ಹೇಳಲು ಆಗುತ್ತಿರಲಿಲ್ಲ. ಮತ್ತೆ ಫಳ್ನೀರಿಗೆ ಹೋದೆವು, ಈ ಸಲ ಬೇರೆ ಮಹಡಿಗೆ.

ನರರೋಗದ ಡಾಕ್ಟರ ಕೋಣೆಯ ಹೊರಗೆ ಕಾಯುವ ಜಾಗದಲ್ಲಿ ಒಂದು ವಿಚಿತ್ರ ಇದೆ. ಮೂಳೆಯ ವಿಭಾಗದಲ್ಲಿ ಕೂತವರು ಕೇಳದಿದ್ದರೂ ತಮ್ಮ ಕಾಲಿನ ಕಥೆ ಹೇಳುತ್ತಾರೆ. ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಪರಿಚಯದ ಮುಖ ಕಂಡರೆ ಫೋನಿಗೆ ಬಗ್ಗುತ್ತಾರೆ. ನಾನೂ ಬಗ್ಗಿದೆ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳ ತಾಯಿ ಎದುರಿಗೆ ಕೂತಿದ್ದರು. ಅವರೂ ಬಗ್ಗಿದರು. ಹೀಗೆ ಒಬ್ಬರಿಗೊಬ್ಬರು ಉಪಕಾರ ಮಾಡಿಕೊಂಡೆವು.

ನನ್ನ ಪಕ್ಕದಲ್ಲಿ ಬಂಟ್ವಾಳದ ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಯ ಮಣಿಕಟ್ಟಿನಲ್ಲಿ ಬಳೆಯ ಜೊತೆ ಹಳೆಯ ಕಾಲದ ಕಬ್ಬಿಣದ ಬೀಗದ ಕೈ ಕಟ್ಟಿತ್ತು. ನನ್ನ ಕಣ್ಣು ಅಲ್ಲಿಗೇ ಹೋಗುತ್ತಿದ್ದುದನ್ನು ಅವರು ನೋಡಿದರು.

“ಪ್ರಯೋಜನ ಉಂಟಾ?” ಎಂದು ಕೇಳಿಯೇ ಬಿಟ್ಟೆ.

“ಇವಳಿಗೆ ಇಲ್ಲ,” ಎಂದರು. “ಆದರೆ ಬಸ್ಸಿನಲ್ಲಿ ಬಿದ್ರೆ, ಕೀ ನೋಡಿದವರು ಕೂಡಲೇ ಹತ್ತಿರ ಬರ್ತಾರೆ. ಕೀ ಇಲ್ಲದಿದ್ರೆ ಕುಡಿದಿದ್ದಾಳೆ ಅಂತ ದೂರ ಹೋಗ್ತಾರೆ.”

ನಾನು ಅಂಗೈಯ ಗಾಯ ತೋರಿಸಿದೆ. ಅದು ಹೇಗೆ ಆಯಿತು ಎಂದು ಹೇಳಿದೆ. ಮೊದಲ ಸಲ ಹೊರಗಿನವರೊಬ್ಬರಿಗೆ ಬಾಯಿಬಿಟ್ಟು ಹೇಳಿದ್ದು ಅವತ್ತೇ. ಹುಡುಗಿ ಕೇಳುತ್ತಾ ಇದ್ದವಳು ಕಿಸಕ್ಕನೆ ನಕ್ಕಳು. “ಉಳಿಯಾ? ಅಂಕಲ್, ನಿಮ್ಮ ನೆರೆಯವರ ಹತ್ರ ಗರಗಸ ಕೊಡ್ಬೇಡಿ ಇನ್ನು!” ಅವಳ ಅಪ್ಪ ಗದರಿಸಿದರು. ನನಗೂ ನಗು ಬಂತು. ಎಷ್ಟೋ ವಾರಗಳ ನಂತರದ ನಗು.

ತಲೆಗೆ ತಂತಿ ಅಂಟಿಸಿ ನೋಡಿದರು, ಕೊಳವೆಯೊಳಗೆ ಮಲಗಿಸಿ ನೋಡಿದರು. ಡಾಕ್ಟರು ಮೆದು ಮಾತಿನ ಹೆಂಗಸು. ಕೈಗೆ ಕಬ್ಬಿಣ ಬೇಡ, ಬಾಯಿಗೆ ಚಮಚ ಬೇಡ, ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಹತ್ತಿರ ಇರಿ, ನಿಲ್ಲದಿದ್ದರೆ ಕರೆತನ್ನಿ ಎಂದು ಜಲಜಳಿಗೆ ಹೇಳಿದರು. ಆಮೇಲೆ ಬೇಡಗಳ ಸರದಿ ಬಂತು.

“ಮರಗೆಲಸವೇ ಬಿಡಬೇಕಾ?” ಎಂದು ಕೇಳಿದೆ. “ಕೈಯ ಗರಗಸ, ಕೀಸುಳಿ ಆದರೆ?”

“ಅದೂ ಹರಿತವೇ. ಆದರೆ ನೀವು ನಿಂತರೆ ಅದೂ ನಿಲ್ಲುತ್ತದಲ್ಲ? ಈಗಲೇ ಬೇಡ. ಮಾತ್ರೆ ಹಿಡಿಯಲಿ, ನಾನು ಹೇಳ್ತೇನೆ. ಮಾಡುವಾಗ ಒಬ್ಬರೇ ಇರಬೇಡಿ. ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರಲಿ.”

ಮಾತ್ರೆ ಹಿಡಿಯಿತು. ನನ್ನನ್ನೂ ಹಿಡಿಯಿತು. ಆ ಆಯಾಸವನ್ನು ಹೇಗೆ ಹೇಳುವುದು? ನಿದ್ದೆಯಲ್ಲ ಅದು. ಒದ್ದೆ ಕಂಬಳಿ ಹೊದ್ದುಕೊಂಡು ಹಗಲೆಲ್ಲಾ ತಿರುಗಿದ ಹಾಗೆ. ಕಚೇರಿಯಲ್ಲಿ ಕೂಡಿಸಿದ ಲೆಕ್ಕವನ್ನೇ ಮತ್ತೆ ಕೂಡಿಸುತ್ತಿದ್ದೆ. ಸ್ಕೂಟರ್ ಬದಲು ಬಸ್ಸು, ಬಸ್ಸಿನಲ್ಲಿ ತೂಕಡಿಕೆ, ಇಳಿಯುವ ಸ್ಟಾಪು ದಾಟಿ ಹೋಗಿ ಹಿಂದೆ ನಡೆಯುವುದು. ಕಾಲೇಜಿನಲ್ಲಿ ನಾನೇ ಹೇಳಿದೆ, ಮುಚ್ಚಿಡುವಷ್ಟು ತ್ರಾಣ ಇರಲಿಲ್ಲ. ಯಾರೂ ಮೂಲೆಗೆ ಕೂರಿಸಲಿಲ್ಲ. ಮರುದಿನ ನನ್ನ ಡ್ರಾಯರು ಎಳೆದರೆ ಒಳಗೆ ದೊಡ್ಡದೊಂದು ಕಬ್ಬಿಣದ ಬೀಗದ ಕೈ ಇತ್ತು. ಯಾರು ಇಟ್ಟರೋ ಕೇಳಲಿಲ್ಲ. ತೆಗೆಯಲೂ ಇಲ್ಲ.

ಮನೆಯಲ್ಲಿ ಬಚ್ಚಲಿನ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿದರು. ಚಿಲಕ ಕಿತ್ತುಹೋದ ಜಾಗದಲ್ಲಿ ನಾಲ್ಕು ತೂತು. ಬಾಗಿಲು ಗಾಳಿಗೆ ತಾನೇ ತೆರೆದುಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಬಾಗಿಲು ಎಳೆದು ಹಿಡಿದು ಇನ್ನೊಂದರಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದೆ. ಜಲಜ ಹೊರಗಿನಿಂದ ಕರೆಯುತ್ತಿದ್ದಳು, “ಓಯ್?” ನಾನು “ಹಾಂ” ಎನ್ನಬೇಕು. ಸೋಪು ಬಾಯಿಗೆ ಹೋದರೂ “ಹಾಂ” ಎನ್ನಬೇಕು. ಮನುಷ್ಯನಿಗೆ ಒಂದು ಬಾಗಿಲು ಹಾಕಿಕೊಳ್ಳುವ ಹಕ್ಕಾದರೂ ಬೇಡವಾ ಎಂದು ತಂಬಿಗೆ ಹಿಡಿದು ನಿಂತು ಯೋಚಿಸುತ್ತಿದ್ದೆ.

ಮೆಷಿನ್‌ಗಳನ್ನು ಬಜಪೆಯಿಂದ ಜಲಜಳ ತಮ್ಮ ಬಂದು ಟೆಂಪೋದಲ್ಲಿ ಒಯ್ದ. ಕರೆಂಟಿನ ಬೋರ್ಡಿನಲ್ಲಿ ಖಾಲಿ ಪ್ಲಗ್ಗುಗಳು ಉಳಿದವು. ಡಾಕ್ಟರು ಆಗಬಹುದು ಎಂದ ಮೇಲೆ ಕೈಗರಗಸ, ಕೀಸುಳಿ, ಸಾಣೆಕಲ್ಲು ತಂದೆ. ಅಂಗಳದಲ್ಲಿ ಪೊಟ್ಟಣ ಬಿಚ್ಚುವಾಗ ಅಮ್ಮ ನೋಡಿದರು. ಅಮ್ಮನಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಕಣ್ಣು ಚುರುಕು.

“ಅದನ್ನು ಯಾಕೆ ತಂದೆ?” ಎಂದರು. ನಮ್ಮ ಮನೆಮಾತು ತುಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. “ನಿನ್ನ ಅಪ್ಪನ ಭುಜಕ್ಕೆ ಎಣ್ಣೆ ತಿಕ್ಕಿದವಳು ನಾನು. ಆ ಗರಗಸ ಈ ಮನೆಗೆ ಬರಬಾರದು ಅಂತ ನಿನ್ನನ್ನು ಕಾಲೇಜಿಗೆ ಕಳಿಸಿದ್ದು.”

ನನಗೂ ಅನಿಸಿದ್ದು ಅದೇ.

ಕೈಗರಗಸ ಹಿಡಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ನನಗೆ ಸಿಕ್ಕಿದ್ದು ಬೆನ್ನುನೋವು. ಬಲಗೈಯ ಕೊನೆಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ, ಗರಗಸದ ಹಿಡಿ ಜಾರುತ್ತದೆ. ಗೆರೆ ಎಳೆದದ್ದು ಒಂದು ಕಡೆ, ಕೊಯ್ದದ್ದು ಇನ್ನೊಂದು ಕಡೆ. ಮೆಷಿನ್ನಿನಲ್ಲಿ ಟೀ ಆರುವ ಮೊದಲು ಮುಗಿಯುತ್ತಿದ್ದ ಹಲಗೆ ಇಡೀ ಸಂಜೆ ತಿನ್ನುತ್ತಿತ್ತು. ಕೀಸುಳಿ ಹರಿತ ಮಾಡಲು ಕಲಿಯುವುದರಲ್ಲೇ ಮಳೆಗಾಲ ಮುಗಿಯಿತು. ಹಲವು ದಿನ ಅರ್ಧ ಕೊಯ್ದು, ಗರಗಸ ಮರದಲ್ಲೇ ಬಿಟ್ಟು, ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದೆ. ಆದರೂ ಮರುದಿನ ಹೋಗುತ್ತಿದ್ದೆ. ಬೇರೆಲ್ಲಿಗೂ ಒಬ್ಬನೇ ಹೋಗುವ ಹಾಗಿರಲಿಲ್ಲ.

ಅಲ್ಲಿಯೂ ಪೂರ್ತಿ ಒಬ್ಬನೇ ಅಲ್ಲ. ಮೊದಲು ಅಮ್ಮನನ್ನು ಕಾವಲಿಗೆ ಕೂರಿಸಿದೆವು. ಅಮ್ಮ ಬಸಳೆ ಸೊಪ್ಪು ಬಿಡಿಸುತ್ತಾ ನನ್ನನ್ನೇ ನೋಡುತ್ತಾ, ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. “ಒಳ್ಳೆ ಸೆಕ್ಯೂರಿಟಿ,” ಎಂದು ಕಾಂಪೌಂಡಿನ ಆಚೆಯಿಂದ ಹಮೀದಾಕ ನಕ್ಕರು. ಆಮೇಲೆ ಜಲಜಳೇ ಒಂದು ದಾರಿ ಮಾಡಿಕೊಂಡಳು. ಅಡುಗೆಮನೆಯ ಕಿಟಕಿ ತೆರೆದಿಡುವುದು. ಗರಗಸದ ಸದ್ದು ಇರುವಷ್ಟು ಹೊತ್ತು ನಾನಿದ್ದೇನೆ. ನಿಂತರೆ ಕರೆಯುತ್ತಾಳೆ.

“ಓಯ್, ಎಂತ?”

“ಅಳತೆ!”

“ಎಂತ?”

“ಸಾಣೆ!”

ಒಮ್ಮೊಮ್ಮೆ ಆಚೆಯಿಂದ ಹಮೀದಾಕನೂ ಸೇರುತ್ತಿದ್ದರು: “ಜಲಜಕ್ಕಾ, ಇದ್ದಾರೆ, ಇದ್ದಾರೆ. ಸಿಂಬಳ ತೆಗೀತಾ ಇದ್ದಾರೆ!”

ಡಾಕ್ಟರು ಹೇಳಿದ್ದು ನನಗೆ ಆಗ ಪೂರ್ತಿ ಅರ್ಥವಾಯಿತು. ನಾನು ಬಿದ್ದರೂ ಆ ಮೆಷಿನ್ ನನ್ನ ಪರವಾಗಿ ಗುಂಯ್ಗುಡುತ್ತಾ ಎಲ್ಲರಿಗೂ ಸುಳ್ಳು ಹೇಳಿತ್ತು. ಈ ಗರಗಸಕ್ಕೆ ಸುಳ್ಳು ಬರುವುದಿಲ್ಲ.

ಹೀಗೆ ನಡೆಯುತ್ತಾ, ಒಂದು ದಿನ ಊಟಕ್ಕೆ ಕೂತಾಗ ಗೊಣಗಿದೆ. “ಇವತ್ತೂ ಬಂಗುಡೆಗೆ ಪ್ಯಾಕೆಟ್ ಪುಡಿಯಾ? ಅರೆದ ಮಸಾಲೆಯ ರುಚಿಯೇ ಮರೆತುಹೋಯಿತು.”

ಜಲಜ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

“ಮಿಕ್ಸಿ ಹಾಕಿದ್ರೆ ನೀವು ಬಿದ್ದದ್ದು ನನಗೆ ಹೇಗೆ ಕೇಳುವುದು?”

ಅವಳು ನಿಲ್ಲಿಸಲಿಲ್ಲ. “ಬೆಳಿಗ್ಗೆ ನೀವು ಬಚ್ಚಲಿನಲ್ಲಿ. ಸಂಜೆ ಶೆಡ್ಡಿನಲ್ಲಿ. ಮಿಕ್ಸಿ ಇಲ್ಲ, ಟಿವಿ ಇಲ್ಲ, ಅಕ್ಕ ಫೋನ್ ಮಾಡಿದ್ರೆ ಆಮೇಲೆ ಮಾಡು ಅಂತೇನೆ. ನಿಮ್ಮದೊಂದು ಸದ್ದು ಕೇಳಿಕೊಂಡು ಕೂತಿರುವುದೇ ನನ್ನ ಕೆಲಸ. ಮಾತ್ರೆ ನೀವು ತಿನ್ನುವುದು, ಸುಸ್ತು ನನಗೂ ಆಗ್ತದೆ.”

ಅವಳ ಸ್ವರದಲ್ಲಿ ಸಿಟ್ಟೂ ಇರಲಿಲ್ಲ. ಒಂದು ಇಡೀ ಮಳೆಗಾಲ ಆ ಅಡುಗೆಮನೆಯಿಂದ ಮಿಕ್ಸಿಯ ಸದ್ದು ಬಂದಿಲ್ಲ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ನನ್ನ ಚಿಲಕ ಹೋಯಿತು ಎಂದು ನಾನು ಲೆಕ್ಕ ಇಟ್ಟಿದ್ದೆ. ಅವಳದ್ದು ಏನೇನು ಹೋಗಿತ್ತು ಎಂದು ಇಟ್ಟಿರಲಿಲ್ಲ.

ಮರುದಿನ ಸಂಜೆ ಬಚ್ಚಲಿನ ಬಾಗಿಲಿನ ಆ ನಾಲ್ಕು ತೂತುಗಳ ಮುಂದೆ ಬಹಳ ಹೊತ್ತು ನಿಂತೆ. ಆಮೇಲೆ ಶೆಡ್ಡಿನಲ್ಲಿದ್ದ ಹಲಸಿನ ತುಂಡೊಂದನ್ನು ತೆಗೆದೆ. ಮಾಡಿದ್ದು ಒಂದು ಪಟ್ಟಿ, ಗೇಣುದ್ದ. ಅದರ ಒಂದು ತುದಿಗೆ ಮರದ್ದೇ ಗೂಟ ಹೊಡೆದು ಬಾಗಿಲಿನ ಒಳಮೈಗೆ ಕೂರಿಸಿದೆ. ಇನ್ನೊಂದು ತುದಿ ಏಳುತ್ತದೆ, ಬೀಳುತ್ತದೆ. ಬಿದ್ದಾಗ ಚೌಕಟ್ಟಿಗೆ ಕೂರಿಸಿದ ಮರದ ಕೊಕ್ಕೆಯೊಳಗೆ ಕೂರುತ್ತದೆ. ಏಳುವ ತುದಿಗೆ ಒಂದು ಹಗ್ಗ ಕಟ್ಟಿ, ಪಟ್ಟಿಗಿಂತ ಸ್ವಲ್ಪ ಮೇಲೆ ಬಾಗಿಲಿಗೆ ತೂತು ಕೊರೆದು ಹಗ್ಗವನ್ನು ಹೊರಗೆ ಇಳಿಬಿಟ್ಟೆ. ಒಳಗಿನಿಂದ ಚಿಲಕ ಹಾಕಬಹುದು, ಹೊರಗಿನಿಂದ ಹಗ್ಗ ಎಳೆದರೆ ಏಳುತ್ತದೆ. ಇಷ್ಟೇ.

ಇಷ್ಟೇ ಎಂದು ಬರೆಯುವುದು ಸುಲಭ. ಮೊದಲ ಪಟ್ಟಿ ಸೀಳಿತು. ಎರಡನೆಯದು ದಪ್ಪವಾಗಿ ಕೊಕ್ಕೆಯಲ್ಲಿ ಕೂರಲೇ ಇಲ್ಲ. ಮೂರನೆಯದನ್ನು ಕೀಸಿ, ಇಟ್ಟು ನೋಡಿ, ಮತ್ತೆ ಕೀಸಿ, ಹಾಳೆಯಂಥ ಚಕ್ಕೆ ಏಳುವವರೆಗೆ ಕೀಸಿದೆ. ಕೊಕ್ಕೆಯ ಕಚ್ಚು ತೆಗೆದದ್ದು ಆ ಉಳಿಯಲ್ಲೇ, ನನ್ನ ಕೈ ಕೊಯ್ದ ಉಳಿಯಲ್ಲಿ. ಮಾತ್ರೆಯ ಆಯಾಸದಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪ. ಡಾಕ್ಟರಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿ, “ಹಗ್ಗ ಯಾವಾಗಲೂ ಹೊರಗೇ ಇರಲಿ. ಒಳಗೆ ಎಳೆದುಕೊಂಡರೆ ನಾನು ಬೈತೇನೆ,” ಎಂದರು.

ಪರೀಕ್ಷೆಗೆ ಹಮೀದಾಕನನ್ನು ಕರೆದೆ. ನಾನು ಒಳಗೆ ಚಿಲಕ ಹಾಕಿ ನಿಂತೆ, ಅವರು ಹೊರಗೆ ಹಗ್ಗ ಎಳೆದರು. ಬಾಗಿಲು ತೆರೆದುಕೊಂಡಿತು. ಅವರು ಹಗ್ಗವನ್ನು ಬೆರಳಿಗೆ ಸುತ್ತಿಕೊಂಡು ಅಲ್ಲೇ ನಿಂತರು. “ಇದಕ್ಕೆ ಕಬ್ಬಿಣ ಎಲ್ಲಿಯೂ ಇಲ್ಲ ಅಲ್ಲ ಮಾರಾಯ?”

“ಇಲ್ಲ. ಪೂರಾ ಮರ.”

“ಒಳ್ಳೆದಾಯ್ತು,” ಎಂದರು.

ಜಲಜ ತಾನೂ ಎಳೆದು ನೋಡಿದಳು. ಮತ್ತೊಮ್ಮೆ ಎಳೆದು ನೋಡಿದಳು. ಮರುದಿನ ಬೆಳಿಗ್ಗೆ ಅಮ್ಮನ ಪ್ಲಾಸ್ಟಿಕ್ ಕುರ್ಚಿಯನ್ನು ತಂದು, ತಂಬಿಗೆ ಬಿದ್ದರೆ ಅಮ್ಮನ ಕಿವಿಗೂ ಕೇಳುವಷ್ಟು ಹತ್ತಿರ, ಹಗ್ಗದ ಪಕ್ಕ ಇಟ್ಟಳು. ಅಮ್ಮ ಸೊಪ್ಪಿನ ಬುಟ್ಟಿ ಸಮೇತ ಬಂದು ಕೂತು, ಹಗ್ಗವನ್ನು ಒಮ್ಮೆ ಮುಟ್ಟಿ, ತೆರೆದ ಬಾಗಿಲಿನ ಒಳಮೈಯ ಪಟ್ಟಿಯ ಗೂಟವನ್ನು ಬಾಗಿ ನೋಡಿ, “ಕೈಯಲ್ಲಿ ಮಾಡಿದ್ದಾ?” ಎಂದು ಕೇಳಿದರು. ಹೌದು ಎಂದು ತಲೆಯಾಡಿಸಿದೆ. ಅವರು ಸೊಪ್ಪು ಬಿಡಿಸಲು ಶುರು ಮಾಡಿದರು.

ನಾನು ಒಳಗೆ ಹೋಗಿ ಚಿಲಕ ಬೀಳಿಸಿದೆ. ಟಕ್ ಎಂದು ಕೂತಿತು. ಎರಡೂ ಕೈ ಖಾಲಿ. ಎರಡೂ ಕೈಯಲ್ಲಿ ತಂಬಿಗೆ ಹಿಡಿದು ತಲೆಗೆ ನೀರು ಹೊಯ್ದೆ. ಕಾಯಿಲೆ ಹೋಗಿಲ್ಲ. ಮಾತ್ರೆ ಇನ್ನೂ ವರ್ಷಗಳು ಬೇಕಂತೆ. ಅದರ ಆಯಾಸವೂ ಇದ್ದದ್ದೇ. ಮತ್ತೆ ಬೀಳಬಹುದು, ಬೀಳದೆಯೂ ಇರಬಹುದು.

ಸೋಪು ಹಚ್ಚಿಕೊಳ್ಳುವಾಗ ಅಡುಗೆಮನೆಯಲ್ಲಿ ಮಿಕ್ಸಿ ಗರ್ ಎಂದಿತು. ತೆಂಗಿನಕಾಯಿಯ ತುಂಡುಗಳು ಬಡಿದುಕೊಂಡು ಕ್ರಮೇಣ ಮೆತ್ತಗಾಗುವ ಆ ಸದ್ದು. ನಾನು ಕೈ ನಿಲ್ಲಿಸಿ ಕೇಳಿದೆ. ಮಿಕ್ಸಿ ನಿಂತಿತು. ಇನ್ನು ಕರೆಯುತ್ತಾಳೆ ಎಂದು “ಹಾಂ” ಎನ್ನಲು ಬಾಯಿ ತೆರೆದು ಕಾದೆ.

ಕರೆಯಲಿಲ್ಲ. ಮುಚ್ಚಳ ತೆಗೆದು, ನೀರು ಹಾಕಿ, ಮತ್ತೆ ಮುಚ್ಚಿದ ಸದ್ದು. ಮಿಕ್ಸಿ ಮತ್ತೊಮ್ಮೆ ಶುರುವಾಯಿತು.